ಪ್ರೋಸೆಸ್ ಬುಕ್: ಪುಟ ಕಟ್ಟಿ, ಮುದ್ರಿಸಿ, ಹೊಲಿದ ಬಗೆ

ಗ್ರಾಫಿಕ್ ಡಿಸೈನ್ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟಿನ ಜೊತೆಗೆ ಪ್ರೋಸೆಸ್ ಬುಕ್ ಒಂದನ್ನೂ ಒಪ್ಪಿಸಬೇಕಾಗುತ್ತದೆ. ಮುಗಿದ ಕೆಲಸವನ್ನು ತೋರಿಸುವುದಕ್ಕೆ ಪೋರ್ಟ್‌ಫೋಲಿಯೊ ಇದ್ದೇ ಇದೆ. ಆ ಕೆಲಸ ಯಾವ ದಾರಿಯಲ್ಲಿ ನಡೆದು ಈ ರೂಪಕ್ಕೆ ಬಂತು, ನಡುವೆ ಏನನ್ನೆಲ್ಲ ಕೈಬಿಡಲಾಯಿತು, ಯಾಕೆ ಕೈಬಿಡಲಾಯಿತು ಎಂಬುದನ್ನು ಪ್ರೋಸೆಸ್ ಬುಕ್ ಹೇಳಬೇಕು. ಬೆಂಗಳೂರಿನಲ್ಲಿ ಓದುತ್ತಿದ್ದಾಗ ನಾನು ಕೈಗೆತ್ತಿಕೊಂಡ ಪ್ರಾಜೆಕ್ಟು, ಪೇಟೆ, ಚಾಮರಾಜಪೇಟೆ, ಗಾಂಧಿ ಬಜಾರಿನ ಕಡೆ ಇನ್ನೂ ಉಳಿದುಕೊಂಡಿರುವ ಕೈಬರಹದ ಅಂಗಡಿ ಬೋರ್ಡುಗಳ ಅಕ್ಷರಗಳನ್ನು ಆಧರಿಸಿ, ಶೀರ್ಷಿಕೆಗಳಿಗೆ ಒದಗುವ ಕನ್ನಡ ಫಾಂಟ್ ಒಂದನ್ನು ರಚಿಸುವುದಾಗಿತ್ತು. ಆ ಫಾಂಟಿನ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ. ಅದರ ಹಿಂದಿನ ಪುಸ್ತಕವನ್ನು ಕಟ್ಟಿದ ಬಗೆಯನ್ನಷ್ಟೇ ಬರೆಯುತ್ತೇನೆ.

ಸಾಮಗ್ರಿ ಬೇಕಾದಷ್ಟಿತ್ತು. ಬೋರ್ಡುಗಳ ಫೋಟೊಗಳು, ಟ್ರೇಸಿಂಗ್ ಹಾಳೆಗಳು, ಚಪ್ಪಟೆ ಕುಂಚದಲ್ಲಿ ಬರೆದ ಅಭ್ಯಾಸದ ಹಾಳೆಗಳು, ಗೈಡ್ ಕೆಂಪು ಶಾಯಿಯಲ್ಲಿ ತಿದ್ದಿದ ಪ್ರಿಂಟುಗಳು ಎಲ್ಲವೂ ಸೇರಿ ಒಂದು ದೊಡ್ಡ ಪೆಟ್ಟಿಗೆ ತುಂಬಿತ್ತು. ನಮ್ಮಲ್ಲಿ ಹೆಚ್ಚಿನವರು ಇಂಥದನ್ನು ತಾರೀಖಿನ ಅನುಕ್ರಮದಲ್ಲಿ ಜೋಡಿಸುತ್ತಾರೆ. ಅದು ಸುಲಭ, ಆದರೆ ಓದುವವರಿಗೆ ದಿನಚರಿಯನ್ನು ತಿರುವಿ ಹಾಕಿದಂತಾಗುತ್ತದೆಯೇ ಹೊರತು ಒಂದು ನಿರ್ಧಾರವೂ ಕಣ್ಣಿಗೆ ಬೀಳುವುದಿಲ್ಲ. ನಾನು ತಾರೀಖುಗಳನ್ನು ಬದಿಗಿಟ್ಟು, ಅಕ್ಷರಗಳೇ ಒಡ್ಡಿದ ಪ್ರಶ್ನೆಗಳ ಪ್ರಕಾರ ಹಾಳೆಗಳನ್ನು ಗುಂಪು ಮಾಡಿದೆ: ತಲಕಟ್ಟು ಎಷ್ಟು ದಪ್ಪ ಇರಬೇಕು, ದುಂಡಿನ ಹೊಟ್ಟೆ ಎಲ್ಲಿ ತಿರುಗಬೇಕು, ಒತ್ತಕ್ಷರ ಕೆಳಗೆ ಎಷ್ಟು ಇಳಿಯಬಹುದು, ಕೊಂಬು ಮತ್ತು ದೀರ್ಘ ಪಕ್ಕದ ಅಕ್ಷರಕ್ಕೆ ತಗುಲದಂತೆ ಎಷ್ಟು ಅಂತರ ಬೇಕು. ಒಂದೊಂದು ಪ್ರಶ್ನೆಗೂ ಒಂದೊಂದು ಅಧ್ಯಾಯ. ಯಾವ ಪ್ರಶ್ನೆಗೂ ಸೇರದ ಹಾಳೆ ಎಷ್ಟೇ ಚೆನ್ನಾಗಿದ್ದರೂ ಪೆಟ್ಟಿಗೆಗೇ ಮರಳಿತು.

ಹೀಗೆ ಮರಳಿದವುಗಳಲ್ಲಿ ಇತಿಹಾಸದ ಭಾಗವೇ ದೊಡ್ಡದು. ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾದ ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ, ಅಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಬಂದ ಮಂಗಳೂರ ಸಮಾಚಾರ ಪತ್ರಿಕೆ, ಇವೆಲ್ಲವನ್ನೂ ಓದಿ ದೀರ್ಘವಾದ ಟಿಪ್ಪಣಿ ಮಾಡಿಕೊಂಡಿದ್ದೆ. ಆದರೆ ಅದು ಬೇರೆಯವರು ಮಾಡಿದ ಕೆಲಸದ ಕಥೆ. ಅದರಿಂದ ನನ್ನ ಅಕ್ಷರಗಳಲ್ಲಿ ನಿಜವಾಗಿ ಬದಲಾದದ್ದು ಏನು ಎಂದು ಕೇಳಿಕೊಂಡಾಗ ಉಳಿದದ್ದು ಎರಡು ಪುಟ. ಪ್ರೋಸೆಸ್ ಬುಕ್ಕಿನ ಮೊದಲ ಮೂವತ್ತು ಪುಟಗಳನ್ನು ಲಿಪಿಯ ಇತಿಹಾಸಕ್ಕೆ ಬಿಟ್ಟುಕೊಡುವ ರೂಢಿ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಪುಸ್ತಕದ ತೂಕವನ್ನು ಹೆಚ್ಚಿಸುತ್ತದೆ ಎಂಬುದರ ಹೊರತು ಅದಕ್ಕೆ ಬೇರೆ ಸಮರ್ಥನೆ ನನಗೆ ಕಾಣುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಪೇಟೆಯ ಬೋರ್ಡುಗಳಲ್ಲಿ ಮತ್ತೆ ಮತ್ತೆ ಸಿಗುವ ಹೆಸರು ಲಕ್ಷ್ಮೀ. ಅದರ 'ಕ್ಷ್ಮೀ'ಯಲ್ಲಿ ಕಕಾರದ ಕೆಳಗೆ ಷ ಮತ್ತು ಮ ಎರಡೂ ಒತ್ತುಗಳಿಗೆ ಜಾಗ ಬೇಕು, ಬದಿಯಲ್ಲಿ ದೀರ್ಘಕ್ಕೂ ಜಾಗ ಬೇಕು. ತಗಡಿನ ಎತ್ತರ ಮಾತ್ರ ಎಷ್ಟಿದೆಯೋ ಅಷ್ಟೇ. ಬೋರ್ಡು ಬರೆಯುವವರು ಒತ್ತುಗಳನ್ನು ನೇರ ಕೆಳಕ್ಕೆ ಇಳಿಸದೆ ಬಲಕ್ಕೆ ಓರೆಯಾಗಿ ತಳ್ಳಿ, ಮಕಾರದ ಒತ್ತನ್ನು ದೀರ್ಘದ ಅಡಿಯ ಖಾಲಿ ಜಾಗದಲ್ಲಿ ಕೂರಿಸಿಬಿಡುತ್ತಾರೆ. ನನ್ನ ಫಾಂಟಿನಲ್ಲಿ ಮೊದಲು ಎರಡೂ ಒತ್ತುಗಳನ್ನು ಒಂದರ ಕೆಳಗೊಂದು ಇಟ್ಟ ರೂಪ, ನಂತರ ಎರಡನ್ನೂ ಕುಗ್ಗಿಸಿ ಅಕ್ಕಪಕ್ಕ ಇಟ್ಟ ರೂಪ, ಕೊನೆಗೆ ಬೋರ್ಡಿನ ಜಾಡು ಹಿಡಿದು ಬಲಕ್ಕೆ ಸರಿಸಿದ ರೂಪ ಬಂದವು. ಪುಸ್ತಕದಲ್ಲಿ ಈ ಮೂರನ್ನೂ ಒಂದೇ ಅಳತೆಗೆ ತಂದು, ಒಂದೇ ಅಡಿಗೆರೆಯ ಮೇಲೆ, ಎಡಪುಟದಿಂದ ಬಲಪುಟದವರೆಗೆ ಸಾಲಾಗಿ ಇಟ್ಟೆ. ಪ್ರತಿಯೊಂದರ ಕೆಳಗೆ ಒಂದೇ ವಾಕ್ಯ. 'ಎರಡನೆಯ ರೂಪ' ಎಂಬಂಥ ಅಡಿಬರಹದಿಂದ ಯಾರಿಗೂ ಉಪಯೋಗವಿಲ್ಲ. 'ಒತ್ತುಗಳು ಚಿಕ್ಕದಾದದ್ದರಿಂದ ರಸ್ತೆಯ ಆಚೆ ಬದಿಯಿಂದ ಓದಲು ಬರುವುದಿಲ್ಲ' ಎಂದು ಬರೆದರೆ ಅದನ್ನು ಬಿಟ್ಟ ಕಾರಣ ಗೊತ್ತಾಗುತ್ತದೆ. ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಕಾಲ ಹಿಡಿದ ಬರವಣಿಗೆ ಈ ಅಡಿಬರಹಗಳೇ.

ಇಂಥ ಹಾಳೆಗಳು ಎರಡು ಪುಟಗಳ ಅಗಲಕ್ಕೂ ಹರಡಿಕೊಳ್ಳುವುದರಿಂದ ಪುಸ್ತಕ ಪೂರ್ತಿ ಬಿಚ್ಚಿ ಚಪ್ಪಟೆಯಾಗಿ ಮಲಗಲೇಬೇಕಿತ್ತು. ಬೆನ್ನನ್ನು ಕತ್ತರಿಸಿ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಅಗ್ಗ, ಬೇಗವೂ ಆಗುತ್ತದೆ, ಆದರೆ ನಡುವಿನ ಅರ್ಧ ಅಂಗುಲ ಬೆನ್ನಿನೊಳಗೆ ನುಂಗಿಹೋಗುತ್ತದೆ. ಸ್ಪೈರಲ್ ಹಾಕಿದರೆ ಚಿತ್ರದ ನಡುವೆಯೇ ತೂತುಗಳ ಸಾಲು. ಮಡಿಕೆಯ ಮೇಲೆ ಸೆಂಟರ್ ಪಿನ್ ಹೊಡೆಯಲು ಪುಟಗಳು ಜಾಸ್ತಿ: 128 ಪುಟಗಳಿಗೆ ನಡುವೆ ಮಡಚಿದ ಮೂವತ್ತೆರಡು ಹಾಳೆಗಳನ್ನು ಒಂದರೊಳಗೊಂದು ಇಟ್ಟರೆ ಒಳಗಿನ ಹಾಳೆ ಹೊರಗಿನದಕ್ಕಿಂತ ನಾಲ್ಕು ಮಿಲಿಮೀಟರಿನಷ್ಟು ಮುಂದಕ್ಕೆ ಚಾಚಿಕೊಳ್ಳುತ್ತದೆ, ಟ್ರಿಮ್ ಮಾಡುವಾಗ, ಅಂದರೆ ಬದಿಗಳನ್ನು ಸಮನಾಗಿ ಕತ್ತರಿಸುವಾಗ, ಅಂಚು ಹೋಗುತ್ತದೆ. ಉಳಿದದ್ದು ಫಾರಂಗಳನ್ನು, ಅಂದರೆ ಒಂದರೊಳಗೊಂದು ಕೂರುವ ಕೆಲವೇ ಹಾಳೆಗಳ ಕಟ್ಟುಗಳನ್ನು, ಮಡಚಿ ಹೊಲಿಯುವ ಹಳೆಯ ವಿಧಾನ. ಪುಟ ವಿನ್ಯಾಸ ಶುರುಮಾಡುವ ಮೊದಲೇ ಇದನ್ನು ನಿರ್ಧರಿಸಿದ್ದರಿಂದ ಮುಂದಿನದೆಲ್ಲ ಇದಕ್ಕೆ ಹೊಂದಿಕೊಂಡು ನಡೆಯಿತು.

ಅಳತೆಗೆ ಡೆಮಿ 1/8 ಆರಿಸಿಕೊಂಡೆ, ಅಂದರೆ ಟ್ರಿಮ್ ಆದ ಮೇಲೆ 5.5 ಅಂಗುಲ ಅಗಲ, 8.5 ಅಂಗುಲ ಎತ್ತರ. ಕನ್ನಡದ ಕಾದಂಬರಿ, ಕವನಸಂಕಲನಗಳೆಲ್ಲ ಬಹುಪಾಲು ಬರುವ ಅಳತೆ ಅದು, ಕೈಗೆ ಪರಿಚಿತ. ಅದಕ್ಕಿಂತ ಮುಖ್ಯವಾದ ಕಾರಣ ಮುದ್ರಣದ್ದು. ಡಿಜಿಟಲ್ ಪ್ರೆಸ್ಸುಗಳಲ್ಲಿ ಸಾಮಾನ್ಯವಾಗಿ ಓಡುವ ಹಾಳೆ 13×19 ಅಂಗುಲ. ಅಕ್ಕಪಕ್ಕದ ಎರಡು ಪುಟ ಸೇರಿ 11×8.5 ಅಂಗುಲ, ಅಂಥ ಎರಡು ಜೋಡಿ ಒಂದರ ಮೇಲೊಂದು ಇಟ್ಟರೆ 11×17, ಬ್ಲೀಡ್, ಅಂದರೆ ಟ್ರಿಮ್ಮಿನಲ್ಲಿ ಕತ್ತರಿಸಿಹೋಗುವ ಹೆಚ್ಚುವರಿ ಅಂಚು, ಬಿಟ್ಟೂ ಹಾಳೆಯೊಳಗೆ ಕೂರುತ್ತವೆ. ಒಂದು ಹಾಳೆಯ ಎರಡು ಬದಿ ಸೇರಿ ಎಂಟು ಪುಟ. 128 ಪುಟಗಳ ಪುಸ್ತಕಕ್ಕೆ ಪ್ರತಿಯೊಂದಕ್ಕೆ ಹದಿನಾರು ಹಾಳೆ ಸಾಕು. ಚೌಕದ ಪುಸ್ತಕ ಮಾಡಬೇಕೆಂಬ ಆಸೆ ವಿದ್ಯಾರ್ಥಿಗಳಲ್ಲಿ ಬಹಳ, ಆದರೆ ಚೌಕದಲ್ಲಿ ಹಾಳೆಯ ಗಣನೀಯ ಭಾಗ ಕಸದಬುಟ್ಟಿಗೆ ಹೋಗುತ್ತದೆ.

ಹಾಳೆಯ ಗ್ರೇನ್, ಅಂದರೆ ಕಾಗದದ ನಾರು ಸಾಗುವ ದಿಕ್ಕು, ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು. ಅಡ್ಡವಾಗಿದ್ದರೆ ಮಡಿಕೆಯಲ್ಲಿ ಕಾಗದ ಸೀಳಿದಂತಾಗುತ್ತದೆ, ಪುಟಗಳು ಮಲಗದೆ ಸೆಟೆದು ನಿಲ್ಲುತ್ತವೆ. ಮೇಲಿನ ಜೋಡಣೆಯಲ್ಲಿ ಬೆನ್ನು 19 ಅಂಗುಲದ ಬದಿಯ ದಿಕ್ಕಿಗೇ ಬರುವುದರಿಂದ ಗ್ರೇನ್ ಕೂಡ ಆ ಬದಿಗೇ ಸಾಗಬೇಕೆಂದು, ದೊಡ್ಡ ಹಾಳೆಯಿಂದ ಕತ್ತರಿಸಿಕೊಡುವ ಕಾಗದದ ಅಂಗಡಿಯಲ್ಲಿ ಮೊದಲೇ ಹೇಳಬೇಕಾಗುತ್ತದೆ. ಪರೀಕ್ಷೆ ಸುಲಭ. ಒಂದೇ ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಪಟ್ಟಿ ಕತ್ತರಿಸಿ, ಎರಡರ ತುದಿಯನ್ನೂ ಸೇರಿಸಿ ಬೆರಳುಗಳ ನಡುವೆ ಅಡ್ಡವಾಗಿ ಹಿಡಿದರೆ, ನಾರು ಉದ್ದಕ್ಕಿರುವ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ನಾರು ಅಡ್ಡಕ್ಕಿರುವುದು ಜೋತುಬೀಳುತ್ತದೆ. ಸುಲ್ತಾನ್‌ಪೇಟೆಯ ಕೌಂಟರಿನಲ್ಲಿ ನಿಂತು ಹೀಗೆ ಪಟ್ಟಿ ಹಿಡಿದು ನೋಡಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ನಾನು ಕೊಂಡದ್ದು ಪುಸ್ತಕಕ್ಕೆ ಬಳಸುವ ಹೊಳಪಿಲ್ಲದ ಕಾಗದ, ಚದರ ಮೀಟರಿಗೆ 100 ಗ್ರಾಂ ತೂಗುವ, ಅಂದರೆ 100 ಜಿಎಸ್‌ಎಂ ನ್ಯಾಚುರಲ್ ಶೇಡ್ ಮ್ಯಾಪ್‌ಲಿಥೊ. ಕನ್ನಡ ಪುಸ್ತಕಗಳಿಗೆ ಹೆಚ್ಚಾಗಿ ಬಳಸುವ 70 ಜಿಎಸ್‌ಎಂ ಕಾಗದದಲ್ಲಿ ಹಿಂಬದಿಯ ಫೋಟೊ ಮುಂದಕ್ಕೆ ತೋರುತ್ತದೆ. ಟೋನರ್ (ಪುಡಿ ಶಾಯಿ) ಯಂತ್ರದ ಬಿಸಿಗೆ ಅದು ಸುರುಟಿಕೊಳ್ಳುವುದೂ ಹೆಚ್ಚು.

ಪ್ರೆಸ್ಸಿನ ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಚಿದರೆ, ಹದಿನಾರು ಪುಟಗಳ ಫಾರಂನಲ್ಲಿ ಅಂಥ ನಾಲ್ಕು ಹಾಳೆಗಳು ಒಂದರೊಳಗೊಂದು ಕೂರುತ್ತವೆ. ಎದುರುಬದುರಿನ ಎರಡೂ ಪುಟಗಳು ಒಂದೇ ಕಾಗದದ ಮೇಲೆ, ಕತ್ತರಿಯಿಲ್ಲದೆ ಮುದ್ರಣವಾಗುವುದು ಫಾರಂನ ನಡುವಿನಲ್ಲಿ ಮಾತ್ರ: 8-9, 24-25, 40-41, 56-57, ಹೀಗೆ ಎಂಟು ಕಡೆ. ಬೇರೆಡೆ ಎಡಪುಟ ಒಂದು ಹಾಳೆ, ಬಲಪುಟ ಇನ್ನೊಂದು ಹಾಳೆ. ಯಂತ್ರದಲ್ಲಿ ಒಂದು ಮಿಲಿಮೀಟರ್ ಅತ್ತಿತ್ತ ಆದರೂ ಗೆರೆ ಮುರಿದು ಕಾಣುತ್ತದೆ. ಆದ್ದರಿಂದ ನಡುವನ್ನು ದಾಟುವ ಚಿತ್ರಗಳೆಲ್ಲ ಈ ಎಂಟು ಜಾಗಗಳಿಗೇ ಬರುವಂತೆ ಅಧ್ಯಾಯಗಳ ಉದ್ದವನ್ನು ಹಿಗ್ಗಿಸಿ ಕುಗ್ಗಿಸಿದೆ. ಲಕ್ಷ್ಮೀ ಕೂತದ್ದು 56-57ರಲ್ಲಿ.

ಪಠ್ಯಕ್ಕೆ ನೋಟೊ ಸೆರಿಫ್ ಕನ್ನಡ, 10 ಪಾಯಿಂಟ್ ಅಕ್ಷರ, ಸಾಲಿನಿಂದ ಸಾಲಿಗೆ 16 ಪಾಯಿಂಟ್. ಇಂಗ್ಲಿಷಿಗೆ ಸಾಕಾಗುವ 12 ಅಥವಾ 13 ಪಾಯಿಂಟ್ ಅಂತರದಲ್ಲಿ ಕನ್ನಡ ಕೂರುವುದಿಲ್ಲ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನನ್ನದೇ ಫಾಂಟನ್ನು ಪಠ್ಯಕ್ಕೆ ಬಳಸಲಿಲ್ಲ. ಅದು ಶೀರ್ಷಿಕೆಗೆಂದು ಬರೆದದ್ದು, ಪರೀಕ್ಷೆಗೊಳಗಾಗುತ್ತಿರುವ ವಸ್ತುವೇ ವಿವರಣೆಯ ಅಕ್ಷರವೂ ಆಗುವುದು ಸರಿಯಲ್ಲ ಎನ್ನಿಸಿತು. ಕನ್ನಡದ ಪದಗಳು ಉದ್ದ, ಡೆಮಿ ಪುಟದ ಸಾಲು ಗಿಡ್ಡ. ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಓಣಿಗಳು ಬೀಳುತ್ತವೆ. ಎಡ ಅಂಚನ್ನಷ್ಟೇ ಸಮ ಮಾಡಿ, ಬಲ ಅಂಚನ್ನು ಬಿಟ್ಟುಕೊಟ್ಟೆ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದುಕೊಳ್ಳುತ್ತವೆ, ಇದನ್ನು ಪ್ಯಾರಾ ಸ್ಟೈಲಿನಲ್ಲಿಯೇ ಸೇರಿಸಿಡುವುದು ಒಳ್ಳೆಯದು. ಗೈಡ್ ಬರೆದುಕೊಟ್ಟ ಮುನ್ನುಡಿ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಅಕ್ಷರಗಳಲ್ಲಿತ್ತು. ಯೂನಿಕೋಡಿಗೆ ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ಓದಿ ನೋಡಬೇಕಾಯಿತು.

ಪೆನ್ಸಿಲಿನ ಹಾಳೆಗಳನ್ನು 600 ಡಿಪಿಐಯಲ್ಲಿ ಗ್ರೇಸ್ಕೇಲ್ ಆಗಿ ಸ್ಕ್ಯಾನ್ ಮಾಡಿದೆ. ಹಿನ್ನೆಲೆಯನ್ನು ಪೂರ್ತಿ ಬಿಳಿ ಮಾಡಿದರೆ ಗೆರೆಯ ಜೊತೆ ಅಳಿಸಿದ ಗುರುತೂ ಹೋಗುತ್ತದೆ, ಪ್ರೋಸೆಸ್ ಬುಕ್ಕಿನಲ್ಲಿ ಉಳಿಯಬೇಕಾದದ್ದು ಆ ಗುರುತೇ. ಹಾಗಾಗಿ ಚಿತ್ರ ತಿದ್ದುವ ತಂತ್ರಾಂಶದ ಲೆವೆಲ್ಸ್‌ನಲ್ಲಿ ಗೆರೆಯನ್ನು ಗಾಢ ಮಾಡಿ, ಹಾಳೆಯ ಮಬ್ಬನ್ನು ಸ್ವಲ್ಪ ಉಳಿಸಿಕೊಂಡೆ. ಗ್ರೇ ಚಿತ್ರಗಳನ್ನೂ ಪಠ್ಯವನ್ನೂ ಕಪ್ಪು ಟೋನರ್ ಒಂದರಲ್ಲೇ ಮುದ್ರಣವಾಗುವಂತೆ ಇಡಬೇಕು. ನಾಲ್ಕು ಬಣ್ಣ ಸೇರಿ ಗ್ರೇ ಆದರೆ ಪೆನ್ಸಿಲಿಗೆ ಹಸಿರೋ ಕೆಂಪೋ ಛಾಯೆ ಹತ್ತುತ್ತದೆ, ಬಿಲ್ಲಿನಲ್ಲಿ ಆ ಪುಟ ಕಲರ್ ಎಂದೂ ಲೆಕ್ಕವಾಗುತ್ತದೆ. ಬೋರ್ಡುಗಳ ಎನಾಮೆಲ್ ಕೆಂಪು ಮ್ಯಾಪ್‌ಲಿಥೊ ಮೇಲೆ ಎಂದೂ ಆ ಹೊಳಪಿಗೆ ಬರುವುದಿಲ್ಲ. ಫೋಟೊಗಳ ನಡುವಿನ ಛಾಯೆಗಳನ್ನು ತಿಳಿ ಮಾಡಿ, ಸಿಕ್ಕಷ್ಟಕ್ಕೆ ತೃಪ್ತಿಪಟ್ಟೆ. ಪೂರ್ತಿ ಪುಸ್ತಕ ಹೊಡೆಸುವ ಮೊದಲು ಅತಿ ಕಷ್ಟದ ಪುಟಗಳಿರುವ ಒಂದು ಫಾರಂ ಮಾತ್ರ ಹೊಡೆಸಿ, ಮಡಚಿ, ಬೆಳಕಿಗೆ ಹಿಡಿದು ನೋಡಿದ್ದರಿಂದ ಮಡಿಕೆಯ ಮೇಲೆ ಬರುತ್ತಿದ್ದ ಗಾಢ ಕಪ್ಪು ಪಟ್ಟಿಯಲ್ಲಿ ಟೋನರ್ ಬಿರುಕು ಬಿಡುವುದು ಮೊದಲೇ ಗೊತ್ತಾಯಿತು. ಆ ಪಟ್ಟಿಯನ್ನು ತೆಗೆದುಹಾಕಿದೆ.

ಹೊಲಿಗೆಗೆ ಪೇಟೆಯ ಒಬ್ಬ ಹಿರಿಯ ಬೈಂಡರ್ ನೆರವಾದರು. ಕಾಲೇಜು ರಿಜಿಸ್ಟರುಗಳನ್ನೂ ವಕೀಲರ ಪುಸ್ತಕಗಳನ್ನೂ ಕಟ್ಟಿ ಪಳಗಿದ ಕೈ. ಫಾರಂಗಳನ್ನು ಜೋಡಿಸಿ ಬಿಗಿದು, ಬೆನ್ನಿಗೆ ಗರಗಸದಿಂದ ಗೀರು ಹಾಕಿ, ಆ ಗೀರುಗಳಲ್ಲಿ ದಾರ ಇಳಿಸುವುದು ಅವರ ಪದ್ಧತಿ. ಎಂಟೂ ಫಾರಂಗಳಿಗೆ ಒಂದೇ ಸಲಕ್ಕೆ ತೂತು ಬೀಳುತ್ತದೆ. ಆದರೆ ಗರಗಸ ಕಾಗದವನ್ನು ತಿಂದುಹಾಕುತ್ತದೆ, ಆ ಕಚ್ಚು ಎದ್ದು ಕಾಣುವುದು ಸರಿಯಾಗಿ ಫಾರಂನ ನಡುವಿನ ಪುಟಗಳಲ್ಲಿ, ಅಂದರೆ ನನ್ನ ದೊಡ್ಡ ಚಿತ್ರಗಳಿರುವಲ್ಲಿ. ಬೇಡ, ಸೂಜಿಯಿಂದಲೇ ಚುಚ್ಚುತ್ತೇನೆ ಎಂದೆ. "ಚುಚ್ಚಮ್ಮ, ನಿನ್ನ ಬೆರಳು, ನಿನ್ನ ಪುಸ್ತಕ," ಎಂದು ನಕ್ಕು, ರಟ್ಟಿನ ಪಟ್ಟಿಯೊಂದರ ಮೇಲೆ ತೂತುಗಳ ಜಾಗ ಗುರುತು ಮಾಡಿಕೊಟ್ಟರು: ಬೆನ್ನಿಗೆ ಅಡ್ಡವಾಗಿ ಬರುವ ಮೂರು ಹತ್ತಿಪಟ್ಟಿಗಳ ಇಕ್ಕೆಲಕ್ಕೆ ಆರು, ಮೇಲೆ ಕೆಳಗೆ ಗಂಟಿಗೆ ಒಂದೊಂದು. ಆ ರಟ್ಟಿನ ಪಟ್ಟಿಯನ್ನು ಮಡಿಕೆಯೊಳಗೆ ಇಟ್ಟು, ಸೂಜಿಯನ್ನು ಒಳಗಿನಿಂದ ಹೊರಕ್ಕೆ, ಮಡಿಕೆಯ ನೆತ್ತಿಯಲ್ಲೇ ಬರುವಂತೆ ಒತ್ತಬೇಕು. ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋದರೂ ದಾರ ಎಳೆದಾಗ ಕಾಗದ ಹರಿಯುತ್ತದೆ. ದಾರಕ್ಕೆ ಜೇನುಮೇಣ ಹಚ್ಚಿದರೆ ಸಿಕ್ಕು ಬೀಳುವುದಿಲ್ಲ, ಹೊಲಿಗೆಯೂ ಸಡಿಲುವುದಿಲ್ಲ. ದಾರವನ್ನು ಬೆನ್ನಿನ ಉದ್ದಕ್ಕೆ ಎಳೆದು ಬಿಗಿಮಾಡಬೇಕು, ತನ್ನತ್ತ ಎಳೆಯಬಾರದು ಎಂಬುದು ಅವರು ಎರಡೆರಡು ಸಲ ಹೇಳಿದ ಮಾತು.

ಬೆನ್ನಿನ ದಪ್ಪವನ್ನು ಲೆಕ್ಕದಿಂದ ಕಂಡುಹಿಡಿಯಬಾರದು. ಅರವತ್ತನಾಲ್ಕು ಎಲೆಗಳಿಗೆ ಎಂಟು ಮಿಲಿಮೀಟರಿನ ಸುಮಾರು ಬರುತ್ತದೆ, ಆದರೆ ದಾರ ಸೇರಿ ಬೆನ್ನು ಇನ್ನಷ್ಟು ಉಬ್ಬುತ್ತದೆ. ಹೊಲಿದು, ತೆಳುವಾಗಿ ಫೆವಿಕಾಲ್ ಹಚ್ಚಿ, ಒಣಗಿಸಿ, ಮೂರು ಬದಿ ಟ್ರಿಮ್ ಮಾಡಿಸಿದ ಮೇಲೆ ಅಳೆದು, ಆಮೇಲೆಯೇ ಹೊದಿಕೆಯ ರಟ್ಟು ಕತ್ತರಿಸಿದೆವು: 2 ಮಿಲಿಮೀಟರಿನ ರಟ್ಟು, ಮೂರೂ ಬದಿಗೆ 3 ಮಿಲಿಮೀಟರ್ ಹೊರಚಾಚು, ಬೆನ್ನಿಗೂ ರಟ್ಟಿಗೂ ನಡುವೆ ಮಡಚಲು 7 ಮಿಲಿಮೀಟರ್ ಜಾಗ. ಕಡುಹಸಿರು ಕ್ಯಾಲಿಕೊ ಬಟ್ಟೆಯ ಮೇಲೆ ಹೆಸರನ್ನು ನನ್ನದೇ ಫಾಂಟಿನಲ್ಲಿ, ಮದುವೆ ಕಾರ್ಡು ಮುದ್ರಿಸುವ ಅಂಗಡಿಯಲ್ಲಿ ಬಿಳಿ ಶಾಯಿಯಿಂದ ಸ್ಕ್ರೀನ್ ಪ್ರಿಂಟ್ ಮಾಡಿಸಿದ್ದು ಈ ಅಳತೆ ಸಿಕ್ಕ ನಂತರವೇ. ಮೊದಲೇ ಮಾಡಿಸಿದ್ದರೆ ಅಕ್ಷರಗಳು ಬೆನ್ನಿನತ್ತ ಸರಿದುಬಿಡುತ್ತಿದ್ದವು. ಬಟ್ಟೆಗೆ ಹಚ್ಚಿದ್ದು ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾ ಸರಿ. ಬಟ್ಟೆಯನ್ನು ಬೆನ್ನಿಗೆ ಅಂಟಿಸದೆ ಪೊಳ್ಳು ಬಿಟ್ಟಿದ್ದರಿಂದ ಪುಸ್ತಕ ಬಿಚ್ಚಿದಾಗ ಬೆನ್ನು ಒಳಕ್ಕೆ ಬಾಗಿ, ಪುಟಗಳು ಮೇಜಿನ ಮೇಲೆ ಮಲಗುತ್ತವೆ.

ರಟ್ಟಿಗೆ ಒಳಹಾಳೆ ಅಂಟಿಸಿದ ಮೇಲೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ಒತ್ತುಯಂತ್ರದಲ್ಲಿ ಒಂದು ರಾತ್ರಿಯಾದರೂ ಬಿಡಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು; ಹಸಿ ಇರುವಾಗಲೇ ತೆಗೆದರೆ ರಟ್ಟು ಬಿಲ್ಲಿನಂತೆ ಬಾಗುತ್ತದೆ. ಒಪ್ಪಿಸುವ ದಿನಕ್ಕೂ ಪ್ರೆಸ್ಸಿನಿಂದ ಹಾಳೆ ಬರುವ ದಿನಕ್ಕೂ ನಡುವೆ ಒಂದು ವಾರ ಇಟ್ಟುಕೊಂಡವರಿಗೆ ಮಾತ್ರ ಈ ಬಗೆಯ ಕಟ್ಟು ಸಾಧ್ಯ. ಕಾಲೇಜಿಗೆ ಕೊಡುವ ಪಿಡಿಎಫ್ ಅನ್ನು ಮುದ್ರಣದ ಫೈಲಿನಿಂದ ಬೇರೆಯಾಗಿಯೇ ಮಾಡಬೇಕು. ಫಾರಂಗಳಿಗೆ ಜೋಡಿಸಿದ ಫೈಲಿನಲ್ಲಿ 16ನೆಯ ಪುಟದ ಪಕ್ಕ 1ನೆಯ ಪುಟ ಬರುವುದರಿಂದ ಪರದೆಯ ಮೇಲೆ ಅದನ್ನು ಓದಲಾಗುವುದಿಲ್ಲ. ಪುಟಗಳು ಅನುಕ್ರಮದಲ್ಲಿರುವ, ಫಾಂಟುಗಳನ್ನು ಒಳಗೇ ಸೇರಿಸಿದ ಫೈಲೊಂದನ್ನು ಪ್ರತ್ಯೇಕವಾಗಿ ಎಕ್ಸ್‌ಪೋರ್ಟ್ ಮಾಡಿ ಕೊಟ್ಟೆ.