ಗೂಡಿನ ತನಕ ಯಾರನ್ನೂ ಬಿಡದೆ ಕೋಳಿಗಳನ್ನು ಉಳಿಸಿಕೊಂಡದ್ದು

ಮೂಡಿಗೆರೆ ಕಡೆಯ ನಮ್ಮ ಹಿತ್ತಿಲಿನಲ್ಲಿ ನಾಟಿ ಕೋಳಿಗಳ ಜೊತೆಗೆ ಕೆಲವು ಗಿರಿರಾಜ ಕೋಳಿಗಳೂ ಇವೆ. ಊರೂರು ಸುತ್ತುವ ವ್ಯಾಪಾರಿಗಳು ಬೈಕಿನ ಬುಟ್ಟಿಯೊಂದಿಗೆ ಗೂಡಿನ ಬಳಿಗೇ ಬಂದು ಕೋಳಿಗಳನ್ನು ಹಿಡಿದು ತೂಗಿ ನೋಡುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಹಸಿರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಕಾಣಿಸಿಕೊಂಡು ಹಲವು ಕೋಳಿಗಳು ಕೊಕ್ಕರೆ ರೋಗಕ್ಕೆ ಬಲಿಯಾದವು. ಮಾರಿಹಬ್ಬದ ಹೊತ್ತಿಗೆ ಉಳಿದ ಹುಂಜಗಳೂ ರಾತ್ರೋರಾತ್ರಿ ಕಾಣೆಯಾದವು.

ಈ ರೋಗ ಬಂದ ಮೇಲೆ ಗುಣಪಡಿಸುವ ಔಷಧಿಯಿಲ್ಲ. ಆದ್ದರಿಂದ ಪಶುವೈದ್ಯರ ಸಲಹೆಯಂತೆ ಹೊಸ ಮರಿಗಳಿಗೆ ಮೊದಲ ವಾರದಲ್ಲಿ ಈ ರೋಗದ ಲಸೋಟಾ ಲಸಿಕೆಯ ಹನಿಯನ್ನು ಕಣ್ಣಿಗೆ ಹಾಕಿಸಿ, 8 ವಾರ ತುಂಬಿದ ಮೇಲೆ ಅದೇ ರೋಗದ ಆರ್‌2ಬಿ ಲಸಿಕೆಯ ಚುಚ್ಚುಮದ್ದು ಕೊಡಿಸಿದೆ. ಲಸಿಕೆಯನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ತರಬೇಕು. ಬಿಸಿಲಿನಲ್ಲಿ ಜೇಬಿನಲ್ಲಿಟ್ಟು ತಂದ ಸೀಸೆ ಬರಿಯ ನೀರಿಗೆ ಸಮ.

ರೋಗಾಣುವು ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲಿ, ಬುಟ್ಟಿಯಲ್ಲಿ, ಬೈಕಿನ ಚಕ್ರದಲ್ಲಿ ಊರಿಂದೂರಿಗೆ ಸಾಗುವುದರಿಂದ ವ್ಯಾಪಾರವನ್ನೆಲ್ಲ ಗೇಟಿನ ಹೊರಗೆ, ನಮ್ಮದೇ ತಕ್ಕಡಿಯಲ್ಲಿ ಮಾಡತೊಡಗಿದೆ. ಗೇಟಿಗೆ ಒಯ್ದು ಮಾರಾಟವಾಗದೆ ಉಳಿದ ಕೋಳಿಯನ್ನೂ, ಹೊಸದಾಗಿ ಕೊಂಡದ್ದನ್ನೂ ಮೂರು ವಾರ ದೂರದ ಪಂಜರದಲ್ಲಿಟ್ಟು ಉಳಿದ ಕೋಳಿಗಳಿಗೆಲ್ಲ ಹಾಕಿದ ಮೇಲೆ ಕೊನೆಯಲ್ಲಿ ಅವಕ್ಕೆ ಮೇವು ಹಾಕುತ್ತೇವೆ. ರೋಗಾಣು ಸಾಯಲೆಂದು ಗೂಡಿನ ಬಾಗಿಲ ಬಳಿ ನೆಲಕ್ಕೆ ಹಾಕಿದ ಸುಣ್ಣ ಮಲೆನಾಡಿನ ಮಳೆಗೆ ನಿಲ್ಲದ ಕಾರಣ, ಗೂಡಿಗೆಂದೇ ಒಂದು ಜೊತೆ ರಬ್ಬರ್ ಬೂಟನ್ನು ಅಲ್ಲಿಯೇ ಇಟ್ಟಿದ್ದೇವೆ. ನೆಂಟರಿಗೂ ಒಳಗೆ ಪ್ರವೇಶವಿಲ್ಲ. ಭಾವನವರು ಸ್ವಲ್ಪ ಮುನಿಸಿಕೊಂಡರು, ಆದರೆ ಅವರ ಮನೆಯಲ್ಲಿಯೂ ಕೋಳಿಗಳಿವೆಯಲ್ಲ!

ಗೂಡು ಎಲ್ಲಿದೆ, ಎಷ್ಟು ಹುಂಜಗಳಿವೆ ಎಂಬುದು ಹೊರಗಿನವರ ಕಣ್ಣಿಗೆ ಬೀಳದಂತಾದದ್ದರಿಂದ ಕಳವಿಗೂ ಅರ್ಧ ತಡೆ ಬಿದ್ದಿತು. ಉಳಿದರ್ಧಕ್ಕೆ ಗೂಡಿನ ಬಾಗಿಲನ್ನು ಅಡುಗೆಮನೆಯ ಕಿಟಕಿಯತ್ತ ತಿರುಗಿಸಿ, ಕೀಲುಗಳ ತಿರುಪನ್ನು ಒಳಗಿನಿಂದ ಬಿಗಿದು, ಕತ್ತಲಾಗುವ ಮುನ್ನವೇ ಬೀಗ ಹಾಕುತ್ತಿದ್ದೇವೆ.