ಓದದೆ ಬಂದವರಿಗೂ ಚಾಪೆ ಇದೆ

ನಮ್ಮ ಓದಿನ ಕೂಟಕ್ಕೆ ಇವತ್ತಿಗೂ ಒಂದು ಹೆಸರಿಲ್ಲ. ಅಧ್ಯಕ್ಷೆ ಇಲ್ಲ, ನೋಂದಣಿ ಇಲ್ಲ, ಬ್ಯಾನರೂ ಇಲ್ಲ. ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ರಸ್ತೆಯ ಆಚೀಚೆ ಹಳ್ಳಿಗಳ ಹೆಂಗಸರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಯಾರದಾದರೂ ಮನೆಯ ಜಗಲಿಯಲ್ಲಿ ಸೇರುತ್ತೇವೆ. 1980ರ ದಶಕದ ಕೊನೆಯಿಂದ ಇದು ನಡೆದುಕೊಂಡು ಬಂದಿದೆ. ಇಷ್ಟು ವರ್ಷ ಹೇಗೆ ನಡೆಸಿದಿರಿ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ನಮ್ಮ ಹತ್ತಿರ ಪುಸ್ತಕವೇ ಇರಲಿಲ್ಲ. ವಾರಪತ್ರಿಕೆ ಇತ್ತು. ಸುಧಾ, ತರಂಗ ತರಿಸುವ ಮನೆ ಊರಿಗೆ ಒಂದೋ ಎರಡೋ. ಒಂದು ಸಂಚಿಕೆ ಎಲ್ಲರ ಮನೆ ಸುತ್ತಿ ವಾಪಸ್ ಬರುವಾಗ ಅರಿಶಿನ, ಎಣ್ಣೆ ಎಲ್ಲ ಮೆತ್ತಿಕೊಂಡಿರುತ್ತಿತ್ತು. ಧಾರಾವಾಹಿಯ ಪುಟಗಳನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆವು. ಕಾದಂಬರಿ ಮುಗಿದ ಮೇಲೆ ದಬ್ಬಣದಲ್ಲಿ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಹೊದಿಕೆ ಹಾಕಿದರೆ ಪುಸ್ತಕ ತಯಾರು. ಒಂದು ಕಂತು ಕಳೆದುಹೋಗಿದ್ದರೆ, ನೆನಪಿದ್ದವರು ಅದರಲ್ಲಿ ಏನಾಯಿತು ಅಂತ ನೋಟ್‌ಬುಕ್ ಹಾಳೆಯಲ್ಲಿ ಬರೆದು ನಡುವೆ ಸೇರಿಸುತ್ತಿದ್ದರು. ಅಂಥ ಒಂದು ಕಟ್ಟಿನಲ್ಲಿ ನಾಯಕಿಯ ಮದುವೆ ಇಡೀ ನಮ್ಮ ಓರಗಿತ್ತಿಯ ಅಕ್ಷರದಲ್ಲಿದೆ. ಊಟದ ವರ್ಣನೆ ಮಾತ್ರ ಭರ್ಜರಿ. ಅದು ಮೂಲದಲ್ಲಿ ಖಂಡಿತ ಇರಲಿಲ್ಲ.

ಕೂಟ ನಿಜವಾಗಿ ಹುಟ್ಟಿದ್ದು ಅಡಿಕೆ ಸುಲಿಯುವ ಜಾಗದಲ್ಲಿ. ನವೆಂಬರಿನ ಹೊತ್ತಿಗೆ ಅಡಿಕೆ ಗೊನೆಗಳ ಕೊಯ್ಲು ಶುರುವಾದರೆ ಮುಂದಿನ ಕೆಲವು ತಿಂಗಳು ನಮ್ಮ ಕಡೆ ಬೇರೆ ಮಾತಿಲ್ಲ. ಕೆಂಪಡಿಕೆ ಮಾಡಬೇಕೆಂದರೆ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು, ಇಟ್ಟುಕೊಂಡು ಕೂರುವ ಹಾಗಿಲ್ಲ. ಹಾಗಾಗಿ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದವರೆಲ್ಲ ಬಂದು ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದರು. ಕೈಗೆ ಕೆಲಸ, ಕಿವಿ ಖಾಲಿ. ಒಬ್ಬರು ಓದಬೇಕು, ಉಳಿದವರು ಸುಲಿಯಬೇಕು. ಯಾರು ಓದುವುದು ಅನ್ನುವುದಕ್ಕೆ ಜಗಳವೇ ಇರಲಿಲ್ಲ. ಅವತ್ತು ಕತ್ತಿ ತಾಗಿ ಬೆರಳು ಕೊಯ್ದುಕೊಂಡವಳೇ ಓದಬೇಕು! ನಮ್ಮ ಹಳೇ ಕಟ್ಟುಗಳನ್ನು ತೆಗೆದು ನೋಡಿದರೆ ಪುಟದ ಮೂಲೆಯಲ್ಲಿ ಕಪ್ಪು ಬೆರಳಚ್ಚು ಕಾಣುತ್ತದೆ. ಅಡಿಕೆ ಸಿಪ್ಪೆಯ ಕಲೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಸುಲಿಯಲು ಬರುವವರಲ್ಲಿ ಶಾಲೆಯ ಮುಖ ನೋಡದವರೂ ಇದ್ದರು. ನಾನು ಕಂಡ ಅತ್ಯಂತ ಖಡಕ್ ವಿಮರ್ಶಕಿ ಅವರಲ್ಲೊಬ್ಬಳು. ಕಾದಂಬರಿಯ ಕೊನೆಯಲ್ಲಿ ಹುಡುಗಿ ಬಾವಿಗೆ ಹಾರಿದಾಗ ನಾವೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದೆವು. ಅವಳು ಅಡಿಕೆಯಿಂದ ಕಣ್ಣೆತ್ತದೆ ಹೇಳಿದಳು, "ಬರೆದವನಿಗೆ ಮುಂದೆ ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ ಅಮ್ಮ, ಅದ್ಕೇ ಸಾಯ್ಸಿದ." ಆಮೇಲೆ ಎಷ್ಟೋ ಕಾದಂಬರಿಗಳ ಬಗ್ಗೆ ನಾವು ಇದೇ ಮಾತು ಹೇಳಿದ್ದೇವೆ.

ಸುಲಿಯುವ ಯಂತ್ರ ಬಂದ ಮೇಲೆ ಆ ರಾತ್ರಿಗಳು ಕಡಿಮೆಯಾದವು. ಆಗ ಶನಿವಾರಕ್ಕೆ ಬಂದೆವು. ಶಾಲೆ ಅರ್ಧ ದಿನ, ಟೀಚರ್‌ಗಳೂ ಬರಬಹುದು ಅನ್ನುವುದೊಂದೇ ಕಾರಣ. ಆದರೆ ಅಡಿಕೆ ಜಗಲಿಯ ಒಂದು ಪದ್ಧತಿಯನ್ನು ಬಿಡಲಿಲ್ಲ. ಬರುವವರು ಪುಸ್ತಕ ಓದಿಕೊಂಡೇ ಬರಬೇಕು ಅಂತ ಇಲ್ಲ. ಗಟ್ಟಿಯಾಗಿ ಓದುತ್ತೇವೆ, ಕೇಳಿದರೆ ಸಾಕು. ಮಾತುಕತೆಯೂ ಸೇರಿ ಗಂಟೆಗೆ ಹದಿನೈದು ಇಪ್ಪತ್ತು ಪುಟ ಆಗುತ್ತದೆ. ನಿಧಾನ ನಿಜ. ಆದರೆ ಮೊಮ್ಮಗುವಿಗೆ ಜ್ವರ, ತೋಟಕ್ಕೆ ಮಂಗ ಬಂತು, ಮನೆಗೆ ನೆಂಟರು ಅಂತ ಓದಲಾಗದ ತಿಂಗಳೂ ಹೆಂಗಸರು ನಾಚದೆ ಬರುತ್ತಾರಲ್ಲ, ಕೂಟ ಉಳಿದದ್ದು ಅದರಿಂದಲೇ. ಓದಿ ಬಂದವರೇ ಮಾತಾಡಬೇಕು ಅಂತ ಮಾಡಿದ್ದರೆ ಎರಡನೇ ಮಳೆಗಾಲಕ್ಕೆ ಬಾಗಿಲು ಹಾಕುತ್ತಿತ್ತು.

ಪುಸ್ತಕ ಸುತ್ತಾಡಿಸುವ ಕೆಲಸ ನನ್ನ ತಲೆಗೆ ಬಂದದ್ದು ನಾನು ಅಂಚೆಯ ಆರ್‌ಡಿ, ಅಂದರೆ ತಿಂಗಳಾ ದುಡ್ಡು ಕಟ್ಟುವ ಉಳಿತಾಯ ಖಾತೆಯ ಏಜೆಂಟ್ ಆಗಿದ್ದರಿಂದ. ಹೇಗೂ ತಿಂಗಳಾ ಮನೆಮನೆಗೆ ಹೋಗಬೇಕು. ಚೀಲದಲ್ಲಿ ಪಾಸ್‌ಬುಕ್ ಜೊತೆ ಕಾದಂಬರಿಯೂ ಇರುತ್ತಿತ್ತು. ನಮ್ಮ ಭಾವ ತಮಾಷೆಗೆ "ಗಳಗನಾಥರು ಬಂದ್ರು" ಅನ್ನುತ್ತಿದ್ದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ಹೊತ್ತು ಊರೂರಿಗೆ ಮಾರಿದವರು, ನನಗೆ ನೂರಕ್ಕೆ ನಾಲ್ಕು ರೂಪಾಯಿ ಕಮಿಷನ್ನಾದರೂ ಸಿಗುತ್ತಿತ್ತು. ಇನ್ನೊಂದು ಅನುಕೂಲ ಇತ್ತು. ಆರ್‌ಡಿಗೆ ದುಡ್ಡು ಕೊಡುವುದಕ್ಕೆ ಯಾವ ಗಂಡಸೂ ತಕರಾರು ಮಾಡುವುದಿಲ್ಲ. ಪುಸ್ತಕಕ್ಕೆ ಅಂದರೆ ಸಣ್ಣಗೆ ಗೊಣಗುತ್ತಾರೆ. ಅದಕ್ಕೆ ಪುಸ್ತಕದ ದುಡ್ಡನ್ನೂ ಆರ್‌ಡಿಯಲ್ಲೇ ಕಟ್ಟಿದೆವು. ಆಗ ತಿಂಗಳಿಗೆ ಹತ್ತು ರೂಪಾಯಿಗೂ ಖಾತೆ ತೆರೆಯಬಹುದಿತ್ತು, 5 ವರ್ಷಕ್ಕೆ ಕೈಗೆ ಬರುತ್ತದೆ. ಮೊದಲ ಖಾತೆ ಮುಗಿದಾಗ ತಂದದ್ದು ಪುಸ್ತಕವಲ್ಲ, ಕಬ್ಬಿಣದ ಕಪಾಟು.

ಕಪಾಟು ಯಾಕೆ ಅಂತ ಘಟ್ಟದ ಮೇಲಿನ ಮಳೆ ನೋಡಿದವರಿಗೆ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಕ್ಕೆ ಬೂಸು ಹಿಡಿಯುತ್ತದೆ, ಗೋಡೆಗೆ ತಾಗಿಸಿಟ್ಟರೆ ಒರಲೆ. ಮೊದಲು ಅಡುಗೆಮನೆ ಅಟ್ಟದ ಮೇಲೆ ಇಡುತ್ತಿದ್ದೆವು. ಹೊಗೆಗೆ ಹುಳ ಬರುವುದಿಲ್ಲ, ಆದರೆ ಪುಟ ಹಳದಿಯಾಗಿ ಮುಟ್ಟಿದರೆ ಮುರಿಯುತ್ತದೆ. ಈಗ ಕಪಾಟಿನಲ್ಲಿ ಬಜೆ ಬೇರಿನ ತುಂಡು ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಹೊರಗೆ ಹಾಕಿ ಗಾಳಿಯಾಡಿಸುತ್ತೇವೆ. ನೇರ ಬಿಸಿಲಿಗಲ್ಲ, ಮಾಡಿನ ನೆರಳಿಗೆ.

ಓದಿದ ಎಲ್ಲವನ್ನೂ ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ, ನಮ್ಮ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ. ಮಲೆನಾಡಿನಲ್ಲಿ ಎಳವೆಯಲ್ಲೇ ಗಂಡನನ್ನು ಕಳೆದುಕೊಂಡವಳ ಕಥೆ, ನಿಜವಾಗಿ ಬದುಕಿದ್ದ ಹೆಂಗಸಿನದು. ನಮ್ಮ ಕೂಟದಲ್ಲಿ ಒಬ್ಬರು ಹಿರಿಯ ಅತ್ತೆ ಇದ್ದರು. ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುವುದು ಬಿಟ್ಟರೆ ಒಂದು ಮಾತಾಡಿದವರಲ್ಲ. ತಲೆ ಬೋಳಿಸುವ ಭಾಗ ಬಂದಾಗ "ನಿಲ್ಸೇ ಸ್ವಲ್ಪ" ಅಂದರು. ಅವರ ಅಪ್ಪನ ತಂಗಿಗೂ ಹಾಗೇ ಆಗಿತ್ತಂತೆ. ಕ್ಷೌರದವನು ಹಿತ್ತಿಲ ಬಾಗಿಲಿಗೆ ಬರುತ್ತಿದ್ದ. ನೀರಿನ ಚೊಂಬು ಹಿಡಿದು ನಿಲ್ಲುವ ಕೆಲಸ ಆಗ ಪುಟ್ಟ ಹುಡುಗಿಯಾಗಿದ್ದ ಇವರದು. "ಚಳಿಗಾಲದಾಗೂ ತಣ್ಣೀರೇ. ಅತ್ತೆ ಅಲುಗಾಡ್ತಿರ್ಲಿಲ್ಲೆ. ನನ್ನ ಕೈ ನಡುಗ್ತಿತ್ತು." ಅವರ ಸೊಸೆ ಪಕ್ಕದಲ್ಲೇ ಇದ್ದಳು, ಅವಳೂ ಇದನ್ನು ಕೇಳಿದ್ದು ಅದೇ ಮೊದಲು. ಅವತ್ತು ಮುಂದೆ ಓದಲಿಲ್ಲ. ಆಮೇಲೆ ಒಬ್ಬೊಬ್ಬರೂ ತಮ್ಮ ಮನೆಯ ಕೆಂಪು ಸೀರೆಯ ವಿಧವೆ ಅಜ್ಜಿಯರ ಸುದ್ದಿ ಎತ್ತಿದರು. ಸಣ್ಣ ಪುಸ್ತಕ, ಆದರೆ ಇಡೀ ಮಳೆಗಾಲ ತೆಗೆದುಕೊಂಡಿತು.

ಯಶವಂತ ಚಿತ್ತಾಲರ 'ಶಿಕಾರಿ'ಯಲ್ಲಿ ಹೀಗಾಗಲಿಲ್ಲ. ಹನೇಹಳ್ಳಿಯವರು, ನಮ್ಮ ಜಿಲ್ಲೆಯವರೇ ಅನ್ನುವ ಅಭಿಮಾನದಿಂದ ಶುರು ಮಾಡಿದೆವು. ಮುಂಬಯಿಯ ಕಂಪನಿಯೊಳಗಿನ ಸಂಚು ಗಟ್ಟಿಯಾಗಿ ಓದಿದರೆ ಕಿವಿಗೆ ಹತ್ತುವುದಿಲ್ಲ. "ಯಂಗೆ ಯಾರು ಯಾರಿಗೆ ಎಂತಾ ಮಾಡಿದ್ದ ಹೇಳೇ ಗೊತ್ತಾಗ್ತಿಲ್ಲೆ ಮಾರಾಯ್ತಿ" ಅಂತ ಒಬ್ಬಳು ಕೈ ಎತ್ತಿದಳು. ಅದನ್ನು ಮನೆಯಲ್ಲಿ ಒಬ್ಬೊಬ್ಬರೇ ಓದಬೇಕು. ಹಾಗೆ ಓದಿದವರಿಗೆ ಬಹಳ ಹಿಡಿಸಿತು.

ನಡುವೆ ಕೆಲವು ವರ್ಷ ಭಾಷಣಕ್ಕೆ ಜನ ಕರೆಸಿದ್ದೂ ಉಂಟು. ಬಂದವರು ಒಂದು ಗಂಟೆ ಮಾತಾಡಿ, ಕಷಾಯ ಕುಡಿದು, ಹೆಂಗಸರು ಓದುವುದು ಒಳ್ಳೆಯದು ಅಂತ ಸರ್ಟಿಫಿಕೇಟ್ ಕೊಟ್ಟು ಹೋದರು. ಅವತ್ತು ನಮ್ಮವರು ಯಾರೂ ಬಾಯಿ ಬಿಡಲಿಲ್ಲ. ಕರೆಸುವುದನ್ನು ನಿಲ್ಲಿಸಿದೆವು.

2020ರ ಲಾಕ್‌ಡೌನಿನಲ್ಲಿ ಜಗಲಿ ಬಂದ್. ಆಗ ವಾಟ್ಸಾಪಿನಲ್ಲಿ ದಿನಕ್ಕೊಬ್ಬರು ಓದಿ ಧ್ವನಿ ಕಳಿಸಿದರು. ಹಿಂದೆ ಕುಕ್ಕರ್ ಸೀಟಿ, ಕರುವಿನ ಕೂಗು ಎಲ್ಲ ಬರುತ್ತಿತ್ತು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಡೌನ್‌ಲೋಡ್ ಮಾಡಿಕೊಂಡು ಬಂದು ಮನೆಯಲ್ಲಿ ಕೇಳುವವರೂ ಇದ್ದರು. ಮದುವೆಯಾಗಿ ಬೆಂಗಳೂರು ಸೇರಿದ ಮಗಳಂದಿರು ಕೂಟಕ್ಕೆ ಬಂದದ್ದು ಹೀಗೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಆ ಮಗಳಂದಿರೇ ಮೊದಲು ಇಂಗ್ಲಿಷಿನಲ್ಲಿ ಓದಿದರು. ನಾವು ಕನ್ನಡದಲ್ಲಿ ಓದಿದೆವು. ಸಣ್ಣ ಕಥೆ ನಮ್ಮ ಕೂಟಕ್ಕೆ ಸರಿಯಾದ ಅಳತೆ. ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಜಗಳಕ್ಕೂ ಸಮಯ ಉಳಿಯುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದೂ ಇದೇ, ಮೊದಲ ವರ್ಷ ಕಾದಂಬರಿ ಮುಟ್ಟಬೇಡಿ.

ಈಗ ನಮ್ಮಲ್ಲಿ ನಡೆಯುತ್ತಿರುವ ವಾದ ಬೇರೆ. ವರ್ಷದ ಪುಸ್ತಕಗಳ ಪಟ್ಟಿ ಮೊದಲೇ ಮಾಡಿ, ತಿಂಗಳಿಗೊಂದು ಮುಗಿಸಬೇಕು ಅಂತ ಹುಡುಗಿಯರು ಹೇಳುತ್ತಾರೆ. ಪಟ್ಟಿ ಬಂದರೆ ಹಿಂದೆ ಬಿದ್ದವರು ಬರುವುದನ್ನೇ ಬಿಡುತ್ತಾರೆ ಅಂತ ನನ್ನ ತಕರಾರು. ಅವರು ಒಪ್ಪಿಲ್ಲ, ನಾನೂ ಒಪ್ಪಿಲ್ಲ. ಮುಂದಿನ ಶನಿವಾರ ಪಟ್ಟಿ ಬರೆದುಕೊಂಡೇ ಬರುತ್ತಾರಂತೆ. ಬರಲಿ, ನೋಡುವಾ.