ಹೂಮಳೆ, ಮುಂಗಾರು ಮತ್ತು ಗೈಗರ್ ಮೀಟರ್

ಕಾಫಿಗೆ ಹೂ ಬರಿಸುವ ಏಪ್ರಿಲ್‌ನ ಹೂಮಳೆ ಶುರುವಾದರೆ ಸಾಕು, ವಿಕಿರಣ ಎಣಿಸುವ ಗೈಗರ್ ಮೀಟರಿನ ಕಿಟಿಕಿಟಿ ಏರುತ್ತದೆ. ಜುಲೈಯಲ್ಲಿ ಇಂಚುಗಟ್ಟಲೆ ಹೊಯ್ದರೂ ಅಷ್ಟು ಏರುವುದಿಲ್ಲ. ಕಾರಣ ನೆಲದಿಂದ ಹೊರಡುವ ವಿಕಿರಣಶೀಲ ರೇಡಾನ್ ಅನಿಲ, ಅರ್ಧಾಯುಷ್ಯ (ಅರ್ಧ ಪಾಲು ಸವೆಯಲು ಬೇಕಾದ ಹೊತ್ತು) 3.8 ದಿನ. ಹೂಮಳೆಯ ಮೋಡ ಕಟ್ಟುವುದು ಕಾದ ನೆಲದ ಗಾಳಿಯಿಂದಲೇ. ಮುಂಗಾರಿನ ಗಾಳಿ ದಿನಗಟ್ಟಲೆ ಸಮುದ್ರದ ಮೇಲೆ ಬಂದದ್ದು, ಅದರಲ್ಲಿದ್ದ ರೇಡಾನ್ ಬಹುಪಾಲು ದಾರಿಯಲ್ಲೇ ಸವೆದಿರುತ್ತದೆ.

ಮಳೆಯಲ್ಲಿ ಇಳಿಯುವುದು ರೇಡಾನ್ ಅಲ್ಲ, ಅದರಿಂದ ಹುಟ್ಟಿ ಧೂಳಿಗೆ ಅಂಟಿಕೊಂಡ ಸೀಸ-214 (ಅರ್ಧಾಯುಷ್ಯ 27 ನಿಮಿಷ) ಮತ್ತು ಬಿಸ್ಮತ್-214 (20 ನಿಮಿಷ). ಅಣುಬಾಂಬಿನ, ರಿಯಾಕ್ಟರಿನ ಧೂಳು ಇಳಿಯುವುದೂ ಇದೇ ದಾರಿಯಲ್ಲಿ. ಹಾಗಾಗಿ ಎರಡನ್ನೂ ಬೇರ್ಪಡಿಸಲು, ಎಣಿಕೆ ಎಷ್ಟು ಬೇಗ ಇಳಿಯುತ್ತದೆಂದು ನೋಡಲು, ಮೀಟರಿಗಿಂತ ಗಡಿಯಾರ ಮುಖ್ಯ.

ನಾನು ಜೀಪಿನ ಬಾನೆಟ್ ಬಳಸುತ್ತೇನೆ. ಮಳೆಗೆ ಮುಂಚೆ ಒರೆಸಿಡಬೇಕು, ಇಲ್ಲವಾದರೆ ರಸ್ತೆಯ ಕಲ್ಲುಪುಡಿಯೂ ಲೆಕ್ಕಕ್ಕೆ ಬರುತ್ತದೆ. ಮನೆಯೊಳಗೆ ಎಣಿಸುವ ಜಾಗದಲ್ಲೇ 10 ನಿಮಿಷ ಹಿನ್ನೆಲೆ ಎಣಿಕೆ (ಮೀಟರಿನ ಮುಂದೆ ಏನೂ ಇಡದೆ) ತೆಗೆದಿಡಿ. 400 ಬಂದರೆ ಆಚೀಚೆ 20 ಸಹಜ. ಮಳೆ 20 ನಿಮಿಷ ಬಿದ್ದ ಮೇಲೆ ಒಂದೇ ಟಿಶ್ಯೂವಿನಿಂದ ಇಡೀ ಬಾನೆಟ್ ಒರೆಸಿ, ಮೀಟರ್ ಟ್ಯೂಬಿನಲ್ಲಿ ವಿಕಿರಣ ಒಳಹೋಗುವ ಕಿಟಕಿಯಷ್ಟಗಲ ಮಡಚಿ, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೂಡಲೇ ಎಣಿಕೆಗಿಡಿ. ಆಮೇಲೆ 10 ನಿಮಿಷಕ್ಕೊಮ್ಮೆ 2 ನಿಮಿಷದ ಎಣಿಕೆ, ಮೂರು ಗಂಟೆ. ಸುತ್ತುವುದನ್ನು ಬಿಟ್ಟರೆ ಟಿಶ್ಯೂ ಒಣಗುತ್ತದೆ. ಅಷ್ಟು ಹೊತ್ತು ಬೀಟಾ ಕಣಗಳನ್ನು ತಡೆದಿದ್ದ ನೀರು ಹೋಗಿ ಎಣಿಕೆ ಮೇಲೇರುತ್ತದೆ, ನಿಜವಾದ ಇಳಿತ ನಿಧಾನವಾದಂತೆ ತೋರುತ್ತದೆ.

ಹಿನ್ನೆಲೆ (2 ನಿಮಿಷಕ್ಕೆ ಅದರ ಐದನೇ ಒಂದು ಪಾಲು) ಕಳೆದು ಉಳಿದದ್ದು ಹೆಚ್ಚುಕಡಿಮೆ ಅರ್ಧ ಗಂಟೆಗೆ ಅರ್ಧವಾಗುತ್ತ ಬಂದರೆ ಅದು ರೇಡಾನ್ ಸಂತಾನ, ಮೂರು ಗಂಟೆಗೆ ಏನೂ ಉಳಿಯುವುದಿಲ್ಲ. ಸ್ವಲ್ಪ ಉಳಿದು ಹತ್ತೂವರೆ ಗಂಟೆಗೊಮ್ಮೆ ಅರ್ಧವಾದರೆ ಥೋರಿಯಂನಿಂದ ಹುಟ್ಟುವ ಸೀಸ-212, ಅದೂ ನೆಲದ್ದೇ. ಇಳಿಯದೇ ನಿಂತರೆ? ಮೊದಲು ಗೊಬ್ಬರದ ಸ್ಟೋರ್ ನೋಡಿ. ಪೊಟ್ಯಾಷ್ ಪುಡಿ ಕೈಗೆ, ಬಟ್ಟೆಗೆ, ಮೇಜಿಗೆ ಅಂಟಿರುತ್ತದೆ. ಅದರಲ್ಲಿನ ಪೊಟ್ಯಾಸಿಯಂ ಸಹಜವಾಗಿಯೇ ವಿಕಿರಣ ಸೂಸುತ್ತದೆ, ಒಂದು ಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ವಿಘಟನೆ. ಇದರಲ್ಲಿ ಒಂದು ಉಪಕಾರವೂ ಉಂಟು: ಸೀಲ್ ಮಾಡಿದ ಒಂದು ಹಿಡಿ ಪೊಟ್ಯಾಷ್ ಮೀಟರ್ ಪರೀಕ್ಷೆಗೆ ಚೆನ್ನಾಗಿ ಒದಗುತ್ತದೆ, ನೂರು ವರ್ಷವಾದರೂ ಬದಲಾಗದು. ಮಳೆಗಾಲದಲ್ಲಿ ಅದರ ಎಣಿಕೆ ತಾನಾಗಿ ಏರಿದರೆ ಟ್ಯೂಬಿನ ಬುಡದಲ್ಲಿ ತೇವ ಸೋರುತ್ತಿದೆ ಎಂದರ್ಥ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ ಸರಿಹೋಗಬಹುದು.

ನಿಜವಾದ ಪರಮಾಣು ಧೂಳಿಗೆ ದೂರ ದೊಡ್ಡ ಮಾತಲ್ಲ. 1953ರ ಏಪ್ರಿಲ್‌ನಲ್ಲಿ ನೆವಾಡಾದ ಬಾಂಬ್ ಪರೀಕ್ಷೆಯ ಧೂಳು ಒಂದೂವರೆ ದಿನದಲ್ಲಿ ಅಮೆರಿಕದ ಇನ್ನೊಂದು ತುದಿ ತಲುಪಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನಲ್ಲಿ ಗುಡುಗುಮಳೆಗೆ ಸಿಕ್ಕಿ ಇಳಿಯಿತು. 1986ರಲ್ಲಿ ಚೆರ್ನೋಬಿಲ್‌ನಿಂದ ಸಾವಿರ ಕಿಲೋಮೀಟರಿಗೂ ಆಚೆ ಸ್ವೀಡನ್ನಿನ ಯೆವ್ಲೆಯಲ್ಲೂ ಹೀಗೇ ಆಯಿತು. ಎರಡೂ ಕಡೆ ಇಳಿಸಿದ್ದು ಮಳೆ. ಹಾಗಾಗಿ ಮೋಡ ಒಂದೇ ಆದರೂ ಕೊಡಗಿನಲ್ಲಿ ಮಳೆ ಹೆಚ್ಚಿರುವ ಭಾಗಮಂಡಲಕ್ಕೂ ಕಡಿಮೆಯಿರುವ ಕುಶಾಲನಗರಕ್ಕೂ ಒಂದೇ ಲೆಕ್ಕ ಹಾಕಲಾಗದು.

ಇಳಿಯದೇ ಉಳಿದ ಎಣಿಕೆಯ ಮೇಲೆ ಅನುಮಾನ ಬಂದರೆ ಒಂದು ಚದರ ಮೀಟರ್ ತಟ್ಟೆಯಲ್ಲಿ ನೀರು ಹಿಡಿಯಿರಿ, ಒಂದು ಇಂಚಿಗೆ 25.4 ಲೀಟರ್ ಸಿಗುತ್ತದೆ. ಮೊದಲ 20 ಸೆಂಟ್ (ನೂರು ಸೆಂಟ್ ಮಳೆಗೆ ಒಂದು ಇಂಚು) ಬೇರೆ ಕ್ಯಾನಿಗೆ, ಗಾಳಿಯನ್ನು ತೊಳೆದು ತರುವುದು ಅದೇ. ಗ್ಲವ್ಸ್ ಹಾಕಿಕೊಂಡು ಲೀಟರಿಗೆ 2 ಮಿಲೀ ಸಾಂದ್ರ ನೈಟ್ರಿಕ್ ಆಮ್ಲ ಸೇರಿಸಿ, ಇಲ್ಲವಾದರೆ ಪರಮಾಣು ಧೂಳಿನ ಸೀಸಿಯಂ ಕ್ಯಾನಿನ ಗೋಡೆಗೇ ಅಂಟುತ್ತದೆ. ಗಾಮಾ ಕಿರಣಗಳನ್ನು ಶಕ್ತಿಯ ಪ್ರಕಾರ ಬೇರ್ಪಡಿಸುವ ಗಾಮಾ ಸ್ಪೆಕ್ಟ್ರೋಮೀಟರಿನಲ್ಲಿ 478 ಕೆಇವಿ (ಆ ಶಕ್ತಿಯ ಅಳತೆ) ಶೃಂಗ ಕಂಡರೆ ಗಾಬರಿ ಬೇಡ, ಅದು ಕಾಸ್ಮಿಕ್ ಕಿರಣ ಮಾಡಿದ ಬೆರಿಲಿಯಂ-7. ಸೀಸಿಯಂ-137ರದ್ದು 662. ಅಗ್ಗದ ಸೋಡಿಯಂ ಅಯೊಡೈಡ್ ಹರಳಿನಲ್ಲಿ ಬಿಸ್ಮತ್-214ರ 609 ಅದರೊಳಕ್ಕೆ ಹರಡಿಕೊಳ್ಳುತ್ತದೆ. ಆದ್ದರಿಂದ ತಾಜಾ ಮಳೆನೀರನ್ನು ನಾಲ್ಕು ಗಂಟೆ ಇಟ್ಟೇ ಅಳೆಯಬೇಕು.